ನಲವತ್ಮೂರು ಹೆಸರು ಕಾಯುವ ಗುಣವತಿ

ಬೆಳಗಿನ ನಾಲ್ಕು ಮುಕ್ಕಾಲು. ವೇಲಚೇರಿ ರೈಲು ನಿಲ್ದಾಣದ ಹಿಂದಿನ ಬೀದಿಗೆ ಹಾಲಿನ ವ್ಯಾನು ಇನ್ನೂ ಬಂದಿಲ್ಲ. ಎರಡನೇ ಮಹಡಿಯ ಒಂದು ಮನೆಯಲ್ಲಿ ಐವತ್ತಾರು ವರ್ಷದ ಗುಣವತಿ ಮಣೆ ಹಾಕಿಕೊಂಡು ನೆಲದ ಮೇಲೆ ಕೂತಿದ್ದಾರೆ. ಎದುರಿಗೆ ಒಂದು ಸ್ಟೂಲು, ಅದರ ಮೇಲೆ ಹಳೆಯ ಲ್ಯಾಪ್‌ಟಾಪು, ಪಕ್ಕದಲ್ಲಿ ಗೆರೆ ಹಾಕಿದ ನೋಟ್‌ಬುಕ್ಕು. ಶಾಲೆಯ ಟೀಚರು ಹಾಜರಿ ಕರೆದ ಹಾಗೆ ಒಂದೊಂದೇ ಹೆಸರನ್ನು ಸಣ್ಣ ದನಿಯಲ್ಲಿ ಓದುತ್ತಾರೆ.

"ಏರಿಕ್ಕರೆ ಒಂದು, ಉಂಟು. ಏರಿಕ್ಕರೆ ಎರಡು, ಉಂಟು. ಸ್ಕೂಲ್ ಮೋರಿ, ಉಂಟು. ಪಾಲಂ ಕೆಳಗೆ..." ಏರಿಕ್ಕರೆ ಅಂದರೆ ತಮಿಳಿನಲ್ಲಿ ಕೆರೆಯ ದಂಡೆ, ಪಾಲಂ ಅಂದರೆ ಸೇತುವೆ. ಇಲ್ಲಿ ನಿಲ್ಲುತ್ತಾರೆ. ಪರದೆಯಲ್ಲಿ ಆ ಹೆಸರಿನ ಮುಂದೆ ಏನೂ ಇಲ್ಲ. ಗುಣವತಿ ಗಾಬರಿಯಾಗುವುದಿಲ್ಲ, ತಲೆಯೆತ್ತಿ ಗೋಡೆ ಗಡಿಯಾರ ನೋಡುತ್ತಾರೆ. ಒಂದು ನಿಮಿಷ ಕಳೆದ ಮೇಲೆ ಖಾಲಿ ಜಾಗದಲ್ಲಿ ಮುಕ್ಕಾಲು ಅಡಿ ಎಂದು ಮೂಡುತ್ತದೆ. "ಹಾಂ, ಬಂತು. ಆ ಟೈಲರ್ ಅಂಗಡಿಯಲ್ಲಿ ಕರೆಂಟು ಹೋಗಿ ಬಂದಿರ್ಬೇಕು," ಎಂದು ನೋಟ್‌ಬುಕ್ಕಿನಲ್ಲಿ ಒಂದು ಚುಕ್ಕೆ ಇಡುತ್ತಾರೆ.

ಒಳಗಿನಿಂದ ಮಗಳು ಸಮೀಕ್ಷಾ ತಮಿಳಿನಲ್ಲಿ ಕೂಗುತ್ತಾಳೆ: "ಮುದಲ್ಲ ಕಾಪಿ ಕುಡಿಮ್ಮಾ." ಮೊದಲು ಕಾಫಿ ಕುಡಿ ಅನ್ನುವ ಈ ಬುದ್ಧಿವಾದ ದಿನಾ ನಡೆಯುತ್ತದಂತೆ. ದಿನಾ ಕಾಫಿ ಆರುತ್ತದಂತೆ. ನಲವತ್ಮೂರು ಹೆಸರು ಮುಗಿಯುವ ತನಕ ಗುಣವತಿ ಲೋಟ ಮುಟ್ಟುವುದಿಲ್ಲ.

ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನನಗೆ ಇವರ ಕೆಲಸ ಏನೆಂದು ಮೊದಲ ದಿನ ಅರ್ಥವಾಗಲಿಲ್ಲ. ಎರಡನೇ ದಿನವೂ ಅರ್ಧ ಅಷ್ಟೇ. ನನ್ನ ಸ್ವಂತ ಫೋನ್ ನಂಬರೇ ನನಗೆ ನೆನಪಿರುವುದಿಲ್ಲ, ಇನ್ನು ಇಂಟರ್ನೆಟ್ಟಿನ ನಂಬರುಗಳು ಎಲ್ಲಿಂದ ತಲೆಗೆ ಹತ್ತಬೇಕು. ಗುಣವತಿ ಬೇಸರಿಸದೆ ಮೂರು ಸಲ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ವೇಲಚೇರಿಗೆ ಮಳೆಯೆಂದರೆ ಭಯ. ತಗ್ಗಿನ ಊರು, ಕೆರೆಯನ್ನು ಒತ್ತಿಕೊಂಡೇ ಎದ್ದ ಫ್ಲ್ಯಾಟುಗಳು. ಹಾಗಾಗಿ ಇಲ್ಲಿನ ಒಂದಷ್ಟು ಬೀದಿಗಳ ನಿವಾಸಿಗಳು ಒಕ್ಕೂಟ ಮಾಡಿಕೊಂಡು, ಕೆರೆಯ ಏರಿ, ಕಾಲುವೆ, ಮೋರಿಗಳ ಪಕ್ಕದಲ್ಲಿ ನೀರಿನ ಮಟ್ಟ ಅಳೆಯುವ ಪುಟ್ಟ ಪೆಟ್ಟಿಗೆಗಳನ್ನು ಕೂರಿಸಿದ್ದಾರೆ. ಒಟ್ಟು ನಲವತ್ಮೂರು. ಪ್ರತಿ ಪೆಟ್ಟಿಗೆಯೂ ಹತ್ತಿರದ ಅಂಗಡಿಯದೋ ಮನೆಯದೋ ಇಂಟರ್ನೆಟ್ಟನ್ನು ಎರವಲು ಪಡೆದಿದೆ. ಒಂದಕ್ಕೆ ಟೈಲರ್ ಅಂಗಡಿ, ಒಂದಕ್ಕೆ ಹಿಟ್ಟಿನ ಗಿರಣಿ, ಒಂದಕ್ಕೆ ಪಿಳ್ಳೈಯಾರ್, ಅಂದರೆ ಗಣಪತಿ, ಗುಡಿಯ ಆಫೀಸು ಕೋಣೆ. ಜನ ತಮ್ಮ ಫೋನಿನಲ್ಲಿ ತಮ್ಮ ಬೀದಿಯ ಪೆಟ್ಟಿಗೆಯನ್ನು ತೆರೆದು ನೀರು ಎಷ್ಟಿದೆ ಎಂದು ನೋಡುತ್ತಾರೆ. ಎರಡು ಅಡಿಯಾದರೆ ಸ್ಕೂಟರು ಎತ್ತರಕ್ಕೆ, ಮೂರು ಅಡಿಯಾದರೆ ಕೆಳಮನೆಯವರು ಮೇಲಕ್ಕೆ.

ತೊಡಕು ಇರುವುದು ವಿಳಾಸದಲ್ಲಿ. ಮನೆಗೆ ಬಾಗಿಲ ನಂಬರು ಇದ್ದ ಹಾಗೆ ಇಂಟರ್ನೆಟ್ಟಿನಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಸಂಖ್ಯೆ ಇರುತ್ತದೆ. ದೊಡ್ಡ ಕಚೇರಿಗಳಿಗೆ ಅದು ಖಾಯಂ. ಟೈಲರ್ ಅಂಗಡಿಗೆ ಅಂಥ ಭಾಗ್ಯವಿಲ್ಲ. ಕರೆಂಟು ಹೋಗಿ ಬಂದರೆ ಸಂಖ್ಯೆ ಬದಲು, ಕೇಬಲ್ಲಿನವನು ಕಂಬ ಹತ್ತಿ ಇಳಿದರೆ ಸಂಖ್ಯೆ ಬದಲು. ಮಳೆಗಾಲದಲ್ಲಿ, ಅಂದರೆ ಪೆಟ್ಟಿಗೆಯ ಅಗತ್ಯ ಇರುವ ಹೊತ್ತಿನಲ್ಲೇ, ಅತಿ ಹೆಚ್ಚು ಬದಲು. ಸಾಧಾರಣ ದಿನ ನಲವತ್ಮೂರು ಪೆಟ್ಟಿಗೆಗಳ ನಡುವೆ ಅರವತ್ತು ಸಲ, ಜೋರು ಮಳೆಯ ದಿನ ನಾನೂರು ಸಲ ವಿಳಾಸ ಬದಲಾಗುತ್ತದೆ ಎಂದು ಗುಣವತಿಯ ನೋಟ್‌ಬುಕ್ಕಿನ ಚುಕ್ಕೆಗಳು ಹೇಳುತ್ತವೆ.

ಪ್ರತಿ ಪೆಟ್ಟಿಗೆಗೂ ತಯಾರಿಸುವಾಗಲೇ ಇಟ್ಟ ಒಂದು ಹೆಸರಿದೆ, ಅಕ್ಷರ ಅಂಕಿ ಬೆರೆತ ಉದ್ದನೆಯ ಸರ. ಸಂಖ್ಯೆ ಬದಲಾದ ಕೂಡಲೇ ಪೆಟ್ಟಿಗೆ ತಾನಾಗಿ ಆ ಹೆಸರಿನಲ್ಲಿ ವರದಿ ಒಪ್ಪಿಸುತ್ತದೆ: ನಾನೀಗ ಇಂಥ ನಂಬರಿನಲ್ಲಿದ್ದೇನೆ. ಆ ಸರವನ್ನು ಯಾವ ಮನುಷ್ಯ ನೆನಪಿಡುತ್ತಾನೆ? ಅದಕ್ಕೆ ಗುಣವತಿ ಅದರ ಮೇಲೆ ಇನ್ನೊಂದು ಹೆಸರು ಇಡುತ್ತಾರೆ. 'ಸ್ಕೂಲ್ ಮೋರಿ' ಎಂದು ಕೇಳಿದರೆ ಆ ಉದ್ದ ಹೆಸರನ್ನು ನೋಡು ಅನ್ನುವ ಒಂದು ಸಾಲು, ಡಿಎನ್‌ಎಸ್ ಅನ್ನುವ, ಹೆಸರು ಕೇಳಿದರೆ ವಿಳಾಸ ಹೇಳುವ ಒಕ್ಕೂಟದ ಪಟ್ಟಿಯಲ್ಲಿ. ಕಸುಬಿನವರು ಇದನ್ನು ಸಿ-ನೇಮ್ ಅನ್ನುತ್ತಾರೆ. ಗುಣವತಿ ತಮ್ಮ ಊರಿನ ಮಾತಿನಲ್ಲಿ 'ಕರೆಯುವ ಹೆಸರು' ಅನ್ನುತ್ತಾರೆ.

"ನೋಡಿ, ನಂಬರು ಎಷ್ಟು ಸಲ ಬೇಕಾದ್ರೂ ಬದಲಾಗ್ಲಿ. ಪೆಟ್ಟಿಗೆಯೇ ಸಿಡಿಲಿಗೆ ಸುಟ್ಟು ಹೋಗ್ಲಿ, ಹೊಸದು ತಂದು ಕೂರಿಸ್ತೇವೆ. ಅದ್ರ ಉದ್ದ ಹೆಸರು ಬೇರೆ ಇರ್ತದೆ. ನಾನು ನನ್ನ ಪಟ್ಟಿಯಲ್ಲಿ ಒಂದು ಸಾಲು ತಿದ್ದುದು, ಅವ್ಳೋ ದಾನ್, ಅಷ್ಟೇ. ಜನರ ಫೋನಲ್ಲಿ ಸ್ಕೂಲ್ ಮೋರಿ ಸ್ಕೂಲ್ ಮೋರಿಯೇ. ಅವ್ರಿಗೆ ಎಂತದೂ ಗೊತ್ತಾಗುದಿಲ್ಲ. ಗೊತ್ತಾಗ್ಲೂ ಬಾರ್ದು."

ಅವರ ಬೆನ್ನ ಹಿಂದೆ ಗೋಡೆಯಲ್ಲಿ, ದೇವರ ಪಟಗಳ ಸಾಲಿನಲ್ಲೇ, ಮರದ ಚೌಕಟ್ಟಿನ ಒಂದು ಸ್ಲೇಟು ತೂಗುತ್ತದೆ. ಅದರ ಕಥೆ ಕೇಳದೆ ಇವರ ಕಥೆ ಮುಗಿಯುವುದಿಲ್ಲ.

ಗುಣವತಿಯ ತಂದೆ ವಿಶ್ವನಾಥಯ್ಯ ಉಡುಪಿ ಕಡೆಯಿಂದ ಬಂದು ತಿರುವಲ್ಲಿಕ್ಕೇಣಿಯ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತೊಂದು ವರ್ಷ ಕೂತವರು. ಆ ಹೋಟೆಲಿನಲ್ಲಿ ಕೆಲಸಕ್ಕಿದ್ದ ಇಪ್ಪತ್ತೈದು ಮೂವತ್ತು ಮಂದಿ ಮ್ಯಾನ್ಶನ್ ಎಂದು ಕರೆಯುವ ಗಂಡಸರ ವಸತಿಗೃಹಗಳ ಬಾಡಿಗೆ ಕೋಣೆಗಳಲ್ಲಿ ಇರುತ್ತಿದ್ದರು. ಕೋಣೆ ಮೂರು ತಿಂಗಳಿಗೊಮ್ಮೆ ಬದಲು. ಹಾಗಾಗಿ ಊರಿಗೆ ಯಾರೂ ಕೋಣೆಯ ವಿಳಾಸ ಕೊಡುವಂತಿರಲಿಲ್ಲ. ಕಾಗದವೆಲ್ಲ ಹೋಟೆಲಿಗೇ ಬರಬೇಕು. ಗಲ್ಲಾದ ಪಕ್ಕದ ಈ ಸ್ಲೇಟಿನಲ್ಲಿ ಎಡಕ್ಕೆ ಹೆಸರು, ಬಲಕ್ಕೆ ಈಗಿರುವ ಕೋಣೆ. ಎಡಗಡೆಯದು ಬಣ್ಣದಲ್ಲಿ ಬರೆದದ್ದು, ಬಲಗಡೆಯದು ಬಳಪದಲ್ಲಿ. ಕೋಣೆ ಬದಲಿಸಿದವನು ಗಲ್ಲಾಕ್ಕೆ ಬಂದು ಹೊಸ ಕೋಣೆ ಹೇಳಿ ಬರೆಸಿದ ಮೇಲೆಯೇ ಎಲೆಯ ಮುಂದೆ ಕೂರಬೇಕು. ಸ್ಲೇಟಿಗೆ ಹೇಳದವನಿಗೆ ಆ ಹೊತ್ತು ಊಟವಿಲ್ಲ. ವಿಶ್ವನಾಥಯ್ಯ ಈ ವಿಷಯದಲ್ಲಿ ಯಮನಂತೆ ಇದ್ದರಂತೆ.

"ಅಪ್ಪಯ್ಯ ಒಂದು ಕಥೆ ಯಾವಾಗ್ಲೂ ಹೇಳ್ತಿದ್ರು," ಗುಣವತಿ ಸ್ಲೇಟಿನ ಧೂಳನ್ನು ಸೆರಗಿನಿಂದ ಒರೆಸುತ್ತ ಹೇಳುತ್ತಾರೆ. "ದೋಸೆ ಹೊಯ್ಯುವವನೊಬ್ಬ ಅವಸರಕ್ಕೆ ಅಂತ ಊರಿಗೆ ಕೋಣೆ ವಿಳಾಸವೇ ಬರೆದು ಹಾಕಿದ. ನಾಕು ದಿನ ಕಾಗದ ಸರಿಯಾಗೇ ಬಂತು. ಆಮೇಲೆ ಕೋಣೆ ಬದ್ಲಾಯ್ತು. ಊರಿಂದ ತಂತಿ ಬಂತು, ಹಳೇ ಕೋಣೆಗೆ. ಅವನಿಗೆ ಗೊತ್ತಾಗುವಾಗ ತಾಯಿಯ ಉತ್ತರಕ್ರಿಯೆ, ಬೊಜ್ಜವೂ ಮುಗಿದಿತ್ತು. ಪಾವಂ, ಪಾಪ. ಅಪ್ಪಯ್ಯ ಹೇಳುದು, ನಾಕು ದಿನ ಸರಿಯಾಗಿ ಬಂದದ್ದೇ ಅವನಿಗೆ ಮುಳುವಾಯ್ತು ಅಂತ."

ಈ ಕಥೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ತಂದೆಯ ನಂತರ ಗುಣವತಿ ಅದೇ ಗಲ್ಲಾದಲ್ಲಿ ಕೆಲವು ವರ್ಷ ಕೂತರು. ಆಮೇಲೆ ಹೋಟೆಲು ಮುಚ್ಚಿತು. ಅದೇ ಹೋಟೆಲಿನಲ್ಲಿ ಸಿಹಿತಿಂಡಿ ಮಾಡುತ್ತಿದ್ದ ಗಂಡ, ಸಮೀಕ್ಷಾ ಎಂಟನೇ ಕ್ಲಾಸಿನಲ್ಲಿದ್ದಾಗ ಎದೆನೋವಿಗೆ ಹೋದರು. ಪಿಯುಸಿ ಓದು ಬಿಟ್ಟರೆ ಕೈಯಲ್ಲಿ ಬೇರೆ ಸರ್ಟಿಫಿಕೇಟಿಲ್ಲದ ಇವರು ಒಕ್ಕೂಟದ ಆಫೀಸಿಗೆ ಸಹಾಯಕಿಯಾಗಿ ಸೇರಿದರು. ಬಾಗಿಲು ತೆಗೆಯುವುದು, ದೂರು ಬರೆದುಕೊಳ್ಳುವುದು, ಮೀಟಿಂಗಿಗೆ ಕುರ್ಚಿ ಹಾಕುವುದು. ಒಕ್ಕೂಟದ ಪುಸ್ತಕದಲ್ಲಿ ಇವತ್ತಿಗೂ ಇವರ ಹುದ್ದೆ 'ಆಫೀಸ್ ಅಸಿಸ್ಟೆಂಟ್'.

ಎಂಟು ವರ್ಷದ ಹಿಂದೆ ಇದೇ ಬಡಾವಣೆಯ ಶ್ರೀಶ ಎಂಬ ಇಂಜಿನಿಯರು ತಮ್ಮ ಬಿಡುವಿನಲ್ಲಿ ಮೊದಲ ಆರು ಪೆಟ್ಟಿಗೆ ಮಾಡಿ ಕೂರಿಸಿದರು. ಸಂಖ್ಯೆ ಬದಲಾದಾಗಲೆಲ್ಲ ಮುನ್ನೂರು ಮನೆಗೆ ಹೊಸ ಸಂಖ್ಯೆಯ ಸಂದೇಶ ಕಳಿಸುವುದು ಗುಣವತಿಯ ಪಾಲಿಗೆ ಬಂತು. ಒಂದು ವಾರ ಕಳಿಸಿದ ಮೇಲೆ ಅವರು ಶ್ರೀಶರನ್ನು ತಡೆದು ಕೇಳಿದರು, ಎಲ್ಲರಿಗೂ ಯಾಕೆ ಹೇಳುವುದು, ಒಂದು ಸ್ಲೇಟಿಗೆ ಹೇಳಿದರೆ ಸಾಲದೆ?

"ನಾನು ಓದಿದ್ದೇ ಇದನ್ನ," ಎಂದು ಶ್ರೀಶ ಈಗ ನಗುತ್ತಾರೆ. "ಪರೀಕ್ಷೇಲಿ ಉತ್ತರ ಬರ್ದು ಮಾರ್ಕ್ಸೂ ತಗೊಂಡಿದೀನಿ. ಆದ್ರೆ ನಮ್ಮ ಪೆಟ್ಟಿಗೆಗೆ ಅದು ಬೇಕು ಅಂತ ಹೊಳೆದಿರ್ಲಿಲ್ಲ. ಹೋಟೆಲ್ ಗಲ್ಲಾದಲ್ಲಿ ಕೂತವರಿಗೆ ಹೊಳೀತು. ಅವತ್ತು ಸಾಯಂಕಾಲವೇ ಅವರಿಗೆ ಪಟ್ಟಿ ತಿದ್ದೋದು ಹೇಳಿಕೊಟ್ಟೆ."

ಕಲಿಯುವಾಗ ತಪ್ಪುಗಳಾದವು. ಉತ್ಸಾಹದಲ್ಲಿ ಒಂದು ಸಲ ಒಕ್ಕೂಟದ ಮೂಲ ಹೆಸರಿಗೇ ಕರೆಯುವ ಹೆಸರಿನ ಸಾಲು ಹಾಕಿದರು. ಅಲ್ಲಿ ಅದು ಸಲ್ಲದು. ಮಧ್ಯಾಹ್ನದವರೆಗೆ ಒಕ್ಕೂಟಕ್ಕೆ ಒಂದು ಇಮೇಲೂ ಬರಲಿಲ್ಲ. ಕಾರ್ಯದರ್ಶಿಗಳು ಆಫೀಸಿನಲ್ಲಿ ಕುಣಿದಾಡಿದರು. ಇಂಥ ತಪ್ಪುಗಳನ್ನು ಗುಣವತಿ ನಗುತ್ತಲೇ ಹೇಳುತ್ತಾರೆ. ಒಂದನ್ನು ಮಾತ್ರ ನಗದೆ ಹೇಳಿದರು.

ಆರೂಕಾಲಿಗೆ ಅವರು ಛತ್ರಿ, ನೋಟ್‌ಬುಕ್ಕು, ಬಟ್ಟೆಚೀಲ ಹಿಡಿದು ಹೊರಡುತ್ತಾರೆ. ದಿನಾ ಇದೇ ದಾರಿ. ಎರಡು ಬೀದಿ ದಾಟಿ, ಮೆಡಿಕಲ್ ಶಾಪಿನ ಪಕ್ಕದ ಕಾಲುವೆಯ ಕಿರುಸೇತುವೆ ತನಕ. ಅಲ್ಲಿ ಸಿಮೆಂಟು ಗೋಡೆಯ ಮೇಲೆ ಯಾರೋ ಕೈಯಾರೆ ಕೆಂಪು ಬಣ್ಣದಲ್ಲಿ ಅಡಿಯ ಗೆರೆ ಎಳೆದಿದ್ದಾರೆ. ಗುಣವತಿ ಬಗ್ಗಿ ಗೆರೆ ನೋಡುತ್ತಾರೆ, ಫೋನಿನಲ್ಲಿ ಪೆಟ್ಟಿಗೆ ಏನು ಹೇಳುತ್ತಿದೆ ನೋಡುತ್ತಾರೆ, ಎರಡನ್ನೂ ಬರೆದುಕೊಳ್ಳುತ್ತಾರೆ. ಈ ಪೆಟ್ಟಿಗೆಯ ಹೆಸರು 'ಮೆಡಿಕಲ್ ಕಾಲುವೆ'. ಉಳಿದ ನಲವತ್ತೆರಡಕ್ಕೆ ಇಲ್ಲದ ಈ ಮರ್ಯಾದೆ ಇದೊಂದಕ್ಕೆ ಯಾಕೆ ಎಂದು ಕೇಳಿದಾಗ ಅವರು ಅಲ್ಲೇ ಸೇತುವೆಯ ಕಟ್ಟೆಯ ಮೇಲೆ ಕೂತರು.

ಕೆಂಪು ಗೆರೆ ಎಳೆದವರು ಕಿಟ್ಟು. ಅರವತ್ತೇಳು ವರ್ಷ, ಹೊಸೂರು ಕಡೆಯ ಕನ್ನಡಿಗರು. ಎದುರಿನ ಅರವತ್ತನಾಲ್ಕು ಮನೆಗಳ ಫ್ಲ್ಯಾಟಿನಲ್ಲಿ ಪಂಪು ನೋಡಿಕೊಳ್ಳುವವರು. ನೆಲಮಾಳಿಗೆಗೆ ನುಗ್ಗುವ ನೀರನ್ನು ಹೊರಗೆ ಹಾಕುವುದು ಅವರ ಕೆಲಸ. ಪಂಪುಕೋಣೆಗೆ ಅಂಟಿದ ಕೆಳಗಿನ ಒಂದೇ ಕೋಣೆಯಲ್ಲಿ ಹೆಂಡತಿ ಶಿವಲಿಂಗಮ್ಮನ ಜೊತೆ ಇದ್ದರು. ಶಿವಲಿಂಗಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಆಕೆಯನ್ನು ಮೇಲಿನ ಮಹಡಿಗೆ ಸಾಗಿಸಲು ಒಂದು ಕುರ್ಚಿ, ಇಬ್ಬರು ವಾಚ್‌ಮನ್ನರು, ಮುಕ್ಕಾಲು ಗಂಟೆ ಬೇಕಿತ್ತು. ಮಳೆ ಹಿಡಿದಾಗ ಪಂಪು ಬಿಟ್ಟು ಕಾಲುವೆ ನೋಡಿಬರಲು ಕಿಟ್ಟುವಿಗೆ ಆಗುತ್ತಿರಲಿಲ್ಲ. ಅದಕ್ಕೆ ಒಕ್ಕೂಟದವರು ಅವರ ಗೋಡೆಗೆ ಒಂದು ಟ್ಯಾಬ್ ಹಾಕಿಕೊಟ್ಟಿದ್ದರು. ಮೂರಡಿ ಅಂದ ಕೂಡಲೇ ಶಿವಲಿಂಗಮ್ಮ ಮೇಲಕ್ಕೆ. ಇದು ಗುಣವತಿಯೂ ಕಿಟ್ಟುವೂ ಕೂತು ಮಾಡಿಕೊಂಡ ಕರಾರು.

ಎರಡು ವರ್ಷವಾಗುತ್ತ ಬಂತು. ಆ ನವೆಂಬರಿನಲ್ಲಿ ಮೆಡಿಕಲ್ ಶಾಪಿನವರು ಇಂಟರ್ನೆಟ್ಟಿನ ಯಂತ್ರ ಬದಲಿಸಿದರು. ಪೆಟ್ಟಿಗೆ ತನ್ನ ಹೊಸ ಸಂಖ್ಯೆಯನ್ನು ವರದಿ ಮಾಡುವುದನ್ನು ನಿಲ್ಲಿಸಿತು. ಹೆಸರು ಕೇಳಿದವರಿಗೆ ಉತ್ತರವಿಲ್ಲ. ಅವತ್ತು ಹನಿ ಶುರುವಾಗಿತ್ತು, ಕಿಟ್ಟು ಆತಂಕದಲ್ಲಿದ್ದರು. ಗುಣವತಿ ಓಡಿಹೋಗಿ ಮೆಡಿಕಲ್ ಶಾಪಿನಿಂದ ಹೊಸ ಸಂಖ್ಯೆ ಕೇಳಿಕೊಂಡು, ಕಿಟ್ಟುವಿನ ಟ್ಯಾಬಿನಲ್ಲಿ ಹೆಸರಿನ ಜಾಗದಲ್ಲಿ ನೇರ ಆ ಸಂಖ್ಯೆಯನ್ನೇ ಒತ್ತಿದರು. ಮಟ್ಟ ಕಾಣಿಸಿತು. ಕಿಟ್ಟು ನಿಟ್ಟುಸಿರು ಬಿಟ್ಟರು. ಮರುದಿನ ಬೆಳಿಗ್ಗೆ ಶ್ರೀಶರ ಸಹಾಯದಿಂದ ಪೆಟ್ಟಿಗೆಯನ್ನು ಸರಿಮಾಡಿದರು, ಹೆಸರು ಮೊದಲಿನಂತೆ ಕೆಲಸ ಮಾಡತೊಡಗಿತು. ಟ್ಯಾಬಿನಲ್ಲಿ ಸಂಖ್ಯೆಯನ್ನು ತೆಗೆದು ಹೆಸರು ಹಾಕುವುದೊಂದು ಮರೆತುಹೋಯಿತು.

"ಹತ್ತೊಂಬತ್ತು ದಿನ ಅದು ಸರಿಯಾಗೇ ತೋರಿಸ್ತು," ಗುಣವತಿ ಹೇಳುತ್ತಾರೆ. "ಮೆಡಿಕಲ್ ಶಾಪಲ್ಲಿ ಇನ್ವರ್ಟರ್ ಇತ್ತಲ್ಲ, ನಂಬರು ಬದ್ಲಾಗ್ಲೇ ಇಲ್ಲ. ಅಪ್ಪಯ್ಯನ ಕಥೆಯ ನಾಕು ದಿನ ನಂಗೆ ಹತ್ತೊಂಬತ್ತು ದಿನ ಆಯ್ತು."

ಇಪ್ಪತ್ತನೇ ದಿನ ದೊಡ್ಡ ಮಳೆ. ಮಧ್ಯಾಹ್ನ ಹನ್ನೆರಡಕ್ಕೆ ಇನ್ವರ್ಟರ್ ಬಸವಳಿಯಿತು, ಜನರೇಟರ್ ಹಾಕಿದರು, ಸಂಖ್ಯೆ ಬದಲಾಯಿತು. ಪೆಟ್ಟಿಗೆ ನಿಯತ್ತಾಗಿ ಹೊಸ ಸಂಖ್ಯೆಯನ್ನು ಒಪ್ಪಿಸಿತು. ಬೀದಿಯ ಇನ್ನೂರು ಮನೆಯ ಫೋನುಗಳಲ್ಲಿ ಎರಡೂವರೆ ಅಡಿ, ಮೂರು ಅಡಿ, ಮೂರೂಮುಕ್ಕಾಲು ಅಡಿ ಎಂದು ಮಟ್ಟ ಏರುತ್ತ ಹೋಯಿತು. ಕಿಟ್ಟುವಿನ ಟ್ಯಾಬು ಹಳೆಯ ಸಂಖ್ಯೆಯ ಬಾಗಿಲು ಬಡಿಯುತ್ತಲೇ ಇತ್ತು. ಉತ್ತರ ಬಾರದಿದ್ದಾಗ ಕೊನೆಯ ಸಲ ಕಂಡ ಮಟ್ಟವನ್ನೇ ತೋರಿಸುತ್ತ ಕೂತಿತು. ಎರಡು ಅಡಿ. ಕಿಟ್ಟು ಐದೈದು ನಿಮಿಷಕ್ಕೆ ತಲೆಯೆತ್ತಿ ನೋಡಿದರು. ಎರಡು ಅಡಿ. ಪಂಪಿನ ಮುಂದೆ ನಿಶ್ಚಿಂತೆಯಿಂದ ನಿಂತರು. ಮೂರು ಗಂಟೆಗೆ ಕಾಂಪೌಂಡಿನ ಗೇಟು ತಳ್ಳಿಕೊಂಡು ನೀರು ಒಳಗೆ ಬಂತು.

"ನಾನು ಆಫೀಸಲ್ಲಿ ಕೂತು ನೋಡ್ತಾ ಇದ್ದೆ. ಮೂರಡಿ ದಾಟಿದ್ದು ನಂಗೆ ಕಾಣ್ತಾ ಇತ್ತು. ಬೇರೆ ಮೂವತ್ತು ಮನೆಗೆ ಫೋನ್ ಮಾಡಿದೆ. ಕಿಟ್ಟಣ್ಣನಿಗೆ ಮಾಡ್ಲಿಲ್ಲ. ಅವ್ರ ಹತ್ರ ಟ್ಯಾಬ್ ಉಂಟಲ್ಲ, ಅವ್ರು ನೋಡ್ತಾ ಇರ್ತಾರೆ ಅಂತ ಧೈರ್ಯ." ಇಷ್ಟು ಹೇಳಿ ಗುಣವತಿ ಕಾಲುವೆಯ ಕಡೆ ತಿರುಗುತ್ತಾರೆ.

ಕಿಟ್ಟು ಮಂಚದ ಮೇಲೆ ಮೇಜು ಇಟ್ಟು, ಮೇಜಿನ ಮೇಲೆ ಹೆಂಡತಿಯನ್ನು ಮಲಗಿಸಿ, ಸೊಂಟದ ಮಟ್ಟದ ನೀರಿನಲ್ಲಿ ಎರಡು ಗಂಟೆ ಆಕೆಯನ್ನು ಹಿಡಿದು ನಿಂತಿದ್ದರು. ಸಂಜೆಯ ಹೊತ್ತಿಗೆ ದೋಣಿ ತಂದವರು ಇಬ್ಬರನ್ನೂ ಹೊರಗೆ ತಂದರು. ನೆನೆದ ಮೈ, ಶ್ವಾಸಕೋಶಕ್ಕೆ ನೀರು ಕಟ್ಟಿತು. ಹನ್ನೆರಡನೇ ದಿನ ಆಸ್ಪತ್ರೆಯಲ್ಲಿ ಶಿವಲಿಂಗಮ್ಮ ತೀರಿಕೊಂಡರು.

ನೀರು ಇಳಿದ ಮೇಲೆ ಕೋಣೆ ತೊಳೆಯಲು ಹೋದವರಲ್ಲಿ ಗುಣವತಿಯೂ ಇದ್ದರು. ಟ್ಯಾಬು ಗೋಡೆಯ ಮೇಲೆ ಎತ್ತರದಲ್ಲಿತ್ತು, ಒಂದು ಹನಿ ನೀರೂ ತಾಗಿರಲಿಲ್ಲ. ಪಂಪುಕೋಣೆಯ ಬ್ಯಾಟರಿಯಲ್ಲಿ ಇನ್ನೂ ಉರಿಯುತ್ತಿತ್ತು. ಎರಡು ಅಡಿ ಎಂದು ತೋರಿಸುತ್ತಿತ್ತು. ಮೇಲೆ ನೋಡಿದರೆ ಹೆಸರಿನ ಜಾಗದಲ್ಲಿ ಅವರೇ ಒತ್ತಿದ ಸಂಖ್ಯೆ. ಆಗ ಶಿವಲಿಂಗಮ್ಮ ಇನ್ನೂ ಆಸ್ಪತ್ರೆಯಲ್ಲಿ ಬದುಕಿದ್ದರು.

ಈ ವಿಷಯ ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ಪ್ರವಾಹದಲ್ಲಿ ಏನೇನೋ ಕೆಟ್ಟಿತ್ತು, ಇದೂ ಕೆಟ್ಟಿತು ಅಂದಿದ್ದರೆ ಮುಗಿಯುತ್ತಿತ್ತು. ಶ್ರೀಶ ಕೂಡ ಹಾಗೇ ಅಂದರಂತೆ, ಅಷ್ಟು ನೀರಿನ ಮುಂದೆ ಯಾರೇನು ಮಾಡಲಿಕ್ಕಾಗುತ್ತೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗುಣವತಿ ಆಸ್ಪತ್ರೆಗೆ ಹೋಗಿ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ಕಿಟ್ಟುವಿಗೆ ಎಲ್ಲವನ್ನೂ ಇದ್ದ ಹಾಗೆ ಹೇಳಿದರು. ಇದನ್ನು ಬರೆಯುವಾಗ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ, ಅವರ ಜಾಗದಲ್ಲಿ ನಾನಿದ್ದರೆ ಹೋಗುತ್ತಿದ್ದೆನೆ? ಉತ್ತರ ನನಗೆ ಹಿಡಿಸುವುದಿಲ್ಲ.

ಕಿಟ್ಟು ಬೈಯಲಿಲ್ಲ, ಅಳಲಿಲ್ಲ. ಕರ್ಮ ಎಲ್ಲ ಮುಗಿದ ಮೇಲೆ ಟ್ಯಾಬನ್ನು ಒಂದು ಟವೆಲಿನಲ್ಲಿ ಸುತ್ತಿ ಆಫೀಸಿಗೆ ತಂದು ಗುಣವತಿಯ ಮೇಜಿನ ಮೇಲೆ ಇಟ್ಟರು. "ಇದು ನಂಗೆ ಬ್ಯಾಡಮ್ಮ," ಅಂದರು, ಹೊರಟರು. ಆಮೇಲೆ ಸೇತುವೆಯ ಗೋಡೆಗೆ ತಾವೇ ಕೆಂಪು ಗೆರೆ ಎಳೆದುಕೊಂಡರು. ಕಳೆದ ಮಳೆಗಾಲ ಪೂರ್ತಿ ಗಂಟೆಗೊಮ್ಮೆ ಪಂಪು ಬಿಟ್ಟು, ಮೊಣಕಾಲು ಹಿಡಿದುಕೊಂಡು, ಆ ಮಳೆಯಲ್ಲಿ ಗೆರೆ ನೋಡಲು ಓಡಾಡಿದರು. ಒಂದು ಸಲ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟೂ ಆಯಿತು. ಈ ಸಲದ ಮಳೆಗೆ ಇನ್ನು ಮೂರು ವಾರವಿದೆ. ಹೀಗೇ ಓಡಾಡಿದರೆ ಅವರು ಒಂದು ದಿನ ಆ ಕಾಲುವೆಗೇ ಬೀಳುತ್ತಾರೆ ಅನ್ನುವುದು ಗುಣವತಿಯ ಭಯ. ಟ್ಯಾಬು ವಾಪಸು ತೆಗೆದುಕೊಳ್ಳಿ ಎಂದು ಕೇಳುವ ಬಾಯಿ ಮಾತ್ರ ಅವರಿಗಿಲ್ಲ.

"ನಾನು ಯಾವ ಮುಖದಲ್ಲಿ ಕೇಳುದು?"

ಅದಕ್ಕೆ ಅವರು ತಮಗೆ ಗೊತ್ತಿದ್ದನ್ನು ಮಾಡಿದರು. ಎಲ್ಲ ಫೋನುಗಳಲ್ಲೂ ಮಟ್ಟದ ಪಕ್ಕದಲ್ಲಿ ಅದು ಯಾವ ಗಂಟೆಯದು ಎಂದು ಕಾಣುವಂತೆ ಶ್ರೀಶರಿಂದ ಮಾಡಿಸಿದರು. ಎರಡು ನಿಮಿಷ ಉತ್ತರ ಬಾರದಿದ್ದರೆ ಹಳೆಯ ಅಂಕಿ ಅಳಿಸಿಹೋಗಿ ಪರದೆ ಪೂರ್ತಿ ಕೆಂಪಾಗಬೇಕು. ಸಂಖ್ಯೆ ಒತ್ತಿದರೆ ಏನೂ ತೆರೆಯಬಾರದು, ಹೆಸರಿಗೆ ಮಾತ್ರ ತೆರೆಯಬೇಕು. ಮತ್ತೆ, ದಿನಾ ಬೆಳಿಗ್ಗೆ ಈ ಸೇತುವೆಗೆ ಬಂದು ಕೆಂಪು ಗೆರೆಯನ್ನೂ ಪೆಟ್ಟಿಗೆಯನ್ನೂ ಹೋಲಿಸಿ, ಪಂಪುಕೋಣೆಗೆ ಹೋಗಿ ಕಿಟ್ಟುವಿಗೆ ಎರಡನ್ನೂ ಬಾಯಲ್ಲಿ ಹೇಳಿ ಬರುವುದು. ಒಂದು ವರ್ಷ ಒಂಬತ್ತು ತಿಂಗಳಾಯಿತು. ಜ್ವರ ಬಂದ ನಾಲ್ಕು ದಿನ ಸಮೀಕ್ಷಾ ಬಂದಿದ್ದಳಂತೆ.

ನಾವು ಹೋದಾಗ ಕಿಟ್ಟು ಪಂಪಿಗೆ ಎಣ್ಣೆ ಬಿಡುತ್ತಿದ್ದರು. ಸಣ್ಣ ಮೈ, ನೀಟಾಗಿ ಬಾಚಿದ ಬಿಳಿ ಕೂದಲು. ಒಳಗೋಡೆಯಲ್ಲಿ ಶಿವಲಿಂಗಮ್ಮನ ಫೋಟೋ, ಅದರ ಪಕ್ಕದಲ್ಲಿ ಒಂದು ಖಾಲಿ ಮೊಳೆ.

"ತಣ್ಣಿ ಎಷ್ಟೈತೆ ಗುಣಮ್ಮ?"

"ನಿಮ್ಮ ಗೆರೆ ಒಂದೂಕಾಲು ಅಡಿ, ಕಿಟ್ಟಣ್ಣ. ಪೆಟ್ಟಿಗೆಯೂ ಒಂದೂಕಾಲೇ ಹೇಳ್ತದೆ."

ಸಾಧಾರಣವಾಗಿ ಮಾತು ಇಲ್ಲಿಗೆ ಮುಗಿಯುತ್ತದಂತೆ. ಅವತ್ತು ಕಿಟ್ಟು ಎಣ್ಣೆಯ ಕೈ ಒರೆಸಿಕೊಂಡು, ಫೋಟೋದ ಕಡೆ ನೋಡುತ್ತ ಕೇಳಿದರು. "ಆ ಪೆಟ್ಟಿಗೆಗೆ ಏನೋ ಎಸ್ರು ಮಡಗಿದ್ದೀಯಲ್ಲ. ಒಂದೇ ಎಸ್ರಾ, ಇನ್ನೊಂದೂ ಮಡಗಬೋದಾ?"

"ಎಷ್ಟು ಬೇಕಾದ್ರೂ ಇಡ್ಬಹುದು ಕಿಟ್ಟಣ್ಣ."

"ಅಂಗಾರೆ ಅವಳ ಎಸ್ರು ಮಡಗು. ಅವಳ ಎಸ್ರಲ್ಲಿ ಬಂದ್ರೆ ನಾನು ನೋಡ್ತೀನಿ. ಈ ಕಾಲಿಗೆ ಇನ್ನು ಆಗಕಿಲ್ಲ."

ಗುಣವತಿ ಬಟ್ಟೆಚೀಲಕ್ಕೆ ಕೈ ಹಾಕಿದರು. ಅದೇ ಟವೆಲಿನಲ್ಲಿ ಸುತ್ತಿದ ಅದೇ ಟ್ಯಾಬು ಹೊರಗೆ ಬಂತು. ದಿನಾ ಚಾರ್ಜು ಮಾಡಿ, ದಿನಾ ಚೀಲದಲ್ಲಿ ಹೊತ್ತು ತಂದು, ದಿನಾ ತೋರಿಸದೆ ವಾಪಸು ಒಯ್ಯುತ್ತಿದ್ದರೆಂದು ನನಗೆ ಆಗ ತಿಳಿಯಿತು. ಅವರು ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ಪಟ್ಟಿ ತೆರೆದು, ಇಂಗ್ಲಿಷಿನ ಒಂದೊಂದೇ ಅಕ್ಷರವನ್ನು ಬಾಯಿಬಿಟ್ಟು ಹೇಳುತ್ತ ಶಿವಲಿಂಗಮ್ಮನ ಹೆಸರನ್ನು ಒತ್ತಿದರು. ಅದರ ಎದುರಿಗೆ ಪೆಟ್ಟಿಗೆಯ ಉದ್ದ ಹೆಸರು. ಎರಡು ಸಲ ಓದಿ ನೋಡಿದರು, ನನ್ನಿಂದ ಒಂದು ಸಲ ಓದಿಸಿದರು. ಟ್ಯಾಬಿನಲ್ಲಿ ಆ ಹೆಸರು ಕೊಟ್ಟಾಗ ಒಂದೂಕಾಲು ಅಡಿ ಎಂದು ಬಂತು, ಪಕ್ಕದಲ್ಲಿ ಗಂಟೆ, ತಲೆಯ ಮೇಲೆ ಕನ್ನಡದಲ್ಲಿ ಹೆಸರು. ನಾಲ್ಕನೇ ಕ್ಲಾಸಿನವರೆಗೆ ಓದಿದ ಕಿಟ್ಟು ಅದನ್ನು ಕೂಡಿಸಿ ಕೂಡಿಸಿ ಓದಿದರು. ಟ್ಯಾಬನ್ನು ತಾವೇ ಮೊಳೆಗೆ ತೂಗುಹಾಕಿದರು.

ಆಮೇಲೆ ಹಿಂದಕ್ಕೆ ಸರಿದು ನಿಂತು, "ಕರೆಂಟು ತೆಗ್ಸು. ನೋಡವಾ," ಅಂದರು.

ಅಷ್ಟೊತ್ತಿಗೆ ಏಳು ದಾಟಿತ್ತು. ಗುಣವತಿ ಮೆಡಿಕಲ್ ಶಾಪಿಗೆ ಫೋನು ಮಾಡಿ, ಇಂಟರ್ನೆಟ್ಟಿನ ಯಂತ್ರವನ್ನು ಒಂದು ನಿಮಿಷ ಆರಿಸಿ ಮತ್ತೆ ಹಾಕಿ ಎಂದು ತಮಿಳಿನಲ್ಲಿ ಹೇಳಿದರು. ಮೊದಲ ನಿಮಿಷ ಏನೂ ಆಗಲಿಲ್ಲ. ಎರಡನೇ ನಿಮಿಷಕ್ಕೆ ಒಂದೂಕಾಲು ಅಡಿ ಅಳಿಸಿಹೋಯಿತು, ಪರದೆ ಕೆಂಪಾಯಿತು. ಆ ಬೆಳಕು ಫೋಟೋದ ಗಾಜಿನ ಮೇಲೂ ಬಿತ್ತು. ಕಿಟ್ಟು ಪಂಪಿನ ಹಿಡಿ ಹಿಡಿದುಕೊಂಡು ನಿಂತರು. ಗುಣವತಿ ನನ್ನ ಕಡೆಯೂ ನೋಡಲಿಲ್ಲ, ಅವರ ಕಡೆಯೂ ನೋಡಲಿಲ್ಲ. ಮೂರು ನಿಮಿಷ. ಎಲ್ಲೋ ಮೆಡಿಕಲ್ ಶಾಪಿನಲ್ಲಿ ಯಂತ್ರ ಎದ್ದು ಬೇರೊಂದು ಸಂಖ್ಯೆ ಪಡೆದಿರಬೇಕು, ಕಾಲುವೆಯ ಪೆಟ್ಟಿಗೆ ಅದನ್ನು ತನ್ನ ಉದ್ದ ಹೆಸರಿನಲ್ಲಿ ಬರೆಸಿರಬೇಕು. ನಮಗೆ ಕಾಣುತ್ತಿದ್ದದ್ದು ಕೆಂಪು ಮಾತ್ರ. ನಾಲ್ಕನೇ ನಿಮಿಷ ನಡೆಯುತ್ತಿದ್ದಾಗ ಕೆಂಪು ಹೋಯಿತು. ಶಿವಲಿಂಗಮ್ಮ, ಒಂದೂಕಾಲು ಅಡಿ, ಏಳು ಗಂಟೆ ಹನ್ನೊಂದು ನಿಮಿಷ.

"ಬಂದ್ಲು," ಅಂದರು ಕಿಟ್ಟು. ಅಷ್ಟೇ ಅಂದು ಎಣ್ಣೆಯ ಡಬ್ಬಿ ಎತ್ತಿಕೊಂಡು ಪಂಪಿನ ಹಿಂದೆ ಹೋದರು.

ವಾಪಸು ಬರುವಾಗ ಗುಣವತಿ ನೋಟ್‌ಬುಕ್ಕು ತೆರೆದು ನಲವತ್ಮೂರನೇ ಸಾಲಿನ ಕೆಳಗೆ ನಲವತ್ನಾಲ್ಕು ಎಂದು ಬರೆದರು. ಪತ್ರಿಕೆಗೆ ಒಂದು ಫೋಟೋ ಬೇಕು ಎಂದು ಕೇಳಿದೆ. ತಮ್ಮದು ಬೇಡ, ಬೇಕಿದ್ದರೆ ಅಪ್ಪಯ್ಯನ ಸ್ಲೇಟಿನದು ತೆಗೆದುಕೊಳ್ಳಿ ಅಂದರು. ಹಾಗಾದರೆ ನಿಮ್ಮ ಆಸೆ ಏನು, ಓದುಗರಿಗೆ ಏನು ಹೇಳಲಿ ಎಂದು ಕೇಳಿದೆ. ಇಂಥ ಲೇಖನ ಬರೆಯುವವರು ಕೊನೆಗೆ ಕೇಳುವ 'ಎಂತ ಆಸೆ' ಅನ್ನುವ ಪ್ರಶ್ನೆ ಅವರಿಗೆ ವಿಚಿತ್ರವಾಗಿ ಕೇಳಿಸಿರಬೇಕು. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡರು.

"ಆಸೆ ಎಂತ. ಹೆಸರು ಇನ್ನು ತಪ್ಪುದಿಲ್ಲ, ಅದು ನಂಗೆ ಗೊತ್ತುಂಟು. ಆದ್ರೂ ಈ ಸಲ ಮಳೆ ಬಂದ್ರೆ ಮೊದಲನೇ ಫೋನು ಕಿಟ್ಟಣ್ಣನಿಗೆ ಮಾಡ್ತೇನೆ. ಟ್ಯಾಬಲ್ಲಿ ಸರಿಯಾಗಿ ಕಾಣ್ತಾ ಉಂಟು ಅಂತ ಗೊತ್ತಿದ್ರೂ ಮಾಡ್ತೇನೆ."